ಬಣ್ಣಕ್ಕೆಂದು ಹುಟ್ಟಿದ ಬಳ್ಳಿ

ಇಪ್ಪತ್ತನೇ ಶತಮಾನದ ಬಹುಕಾಲ ಜರ್ಮನಿಯ ವೈನ್ ಎಂದರೆ ಜನರ ಮನಸ್ಸಿಗೆ ಬರುತ್ತಿದ್ದದ್ದು ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್. ಕೆಂಪು ವೈನ್ ಅಲ್ಲಿಯೂ ತಯಾರಾಗುತ್ತಿತ್ತು, ಆದರೆ ಅದಕ್ಕೆ ಹೆಸರಿರಲಿಲ್ಲ. ಬಹುತೇಕ ದ್ರಾಕ್ಷಿಗಳ ರಸಕ್ಕೆ ಬಣ್ಣವಿಲ್ಲ, ಕೆಂಪು ಇಳಿಯುವುದು ಸಿಪ್ಪೆಯಿಂದ. ಬಿಸಿಲು ಕಡಿಮೆಯಿರುವ ಆ ತಂಪು ಸೀಮೆಯಲ್ಲಿ ಸಿಪ್ಪೆಗೆ ಬಣ್ಣ ಸರಿಯಾಗಿ ಕಟ್ಟುತ್ತಿರಲಿಲ್ಲ. ವ್ಯುರ್ಟೆಂಬರ್ಗ್‌ ಸೀಮೆಯ ಜನರ ಅಚ್ಚುಮೆಚ್ಚಿನ ಟ್ರೋಲಿಂಗರ್‌ ವೈನ್ ಕೂಡ ತೆಳುಗೆಂಪೇ. ಇಂಥ ವೈನಿಗೆ ಗಾಢ ಬಣ್ಣದ ಇನ್ನೊಂದು ವೈನನ್ನು ಬೆರೆಸುವ ರೂಢಿಯಿತ್ತು. ಬೆರೆಸುವ ಆ ವೈನನ್ನು ಡೆಕ್‌ವೈನ್ ಎನ್ನುತ್ತಿದ್ದರು.

ವ್ಯುರ್ಟೆಂಬರ್ಗ್‌ನ ವೈನ್ಸ್‌ಬರ್ಗ್‌ ಊರಿನ ದ್ರಾಕ್ಷಿ ಕೃಷಿ ಸಂಸ್ಥೆಯಲ್ಲಿ ಆಗಸ್ಟ್ ಹೆರೋಲ್ಡ್ ಹೊಸ ತಳಿಗಳ ಹುಡುಕಾಟದಲ್ಲಿದ್ದರು. 1929ರಲ್ಲಿ ಪೋರ್ಟುಗೀಸರ್ ಮತ್ತು ಲೆಂಬರ್ಗರ್ ತಳಿಗಳನ್ನು ಕೂಡಿಸಿದರು. ಹುಟ್ಟಿದ ಬಳ್ಳಿಗೆ ಮುಂದೆ ಅವರದೇ ಹೆಸರು ಬಂತು: ಹೆರೋಲ್ಡ್‌ರೇಬ. ಆದರೆ ಅದು ಹಣ್ಣಾಗುವುದು ತಡ. 1931ರಲ್ಲಿ ಫ್ರ್ಯೂಬುರ್ಗುಂಡರ್ ಮತ್ತು ಟ್ರೋಲಿಂಗರ್ ಸೇರಿ ಹೆಲ್ಫೆನ್‌ಸ್ಟೈನರ್ ಬಂತು. ಅದರ ಹೂ ಉದುರಿ ಫಸಲು ಕೈಕೊಡುತ್ತಿತ್ತು. ಅರ್ಧ ಗೆದ್ದ ಈ ಎರಡು ಬಳ್ಳಿಗಳನ್ನೇ ಹೆರೋಲ್ಡ್ 1955ರಲ್ಲಿ ಒಂದಕ್ಕೊಂದು ಕೂಡಿಸಿದರು.

ದ್ರಾಕ್ಷಿಯಲ್ಲಿ ಸಂಕರ ಮಾಡುವುದು ತಾಳ್ಮೆ ಬೇಡುವ ಕೆಲಸ. ಹೂ ಸಾಸಿವೆ ಕಾಳಿನಷ್ಟು ಸಣ್ಣದು, ಅದರ ತಲೆಯ ಮೇಲೊಂದು ಹಸಿರು ಟೊಪ್ಪಿ. ಅದು ತಾನಾಗಿ ಕಳಚುವ ಮೊದಲೇ ಚಿಮಟದಿಂದ ತೆಗೆದು, ಕೇಸರಗಳನ್ನೂ ಕಿತ್ತು, ಬೇರೆ ಬಳ್ಳಿಯ ಪರಾಗವನ್ನು ಸವರಿ, ಗೊಂಚಲಿಗೆ ಚೀಲ ಕಟ್ಟಬೇಕು. ಹಣ್ಣಿನ ಬೀಜ ಬಿತ್ತಿದರೆ ಒಂದು ಸಸಿಯಂತೆ ಇನ್ನೊಂದಿರುವುದಿಲ್ಲ. ಕೆಲವು ವರ್ಷ ಕಾದು, ಹಣ್ಣು ನೋಡಿ, ವೈನ್ ಮಾಡಿ ರುಚಿ ನೋಡಿದ ಮೇಲೆಯೇ ಆಯ್ಕೆ.

ಹೀಗೆ ಉಳಿದುಕೊಂಡ ಒಂದು ಬಳ್ಳಿಯ ಹಣ್ಣಿಗೆ ದಪ್ಪ ಸಿಪ್ಪೆಯಿತ್ತು, ಕಡುಗಪ್ಪು ಬಣ್ಣವಿತ್ತು. ವೈನ್ಸ್‌ಬರ್ಗ್‌ನಲ್ಲಿ 1868ರಲ್ಲಿ ದ್ರಾಕ್ಷಿ ಕೃಷಿ ಶಾಲೆ ಆರಂಭವಾಗಲು ಶ್ರಮಿಸಿದ ಇಮಾನ್ಯುಯೆಲ್ ಡೋರ್ನ್‌ಫೆಲ್ಡ್ ಅವರ ನೆನಪಿಗೆ ಅದನ್ನು ಡೋರ್ನ್‌ಫೆಲ್ಡರ್ ಎಂದು ಕರೆದರು. ಬೆಳೆಗಾರರ ಕೈಗೆ ಅದು ಅಧಿಕೃತವಾಗಿ ಸೇರಿದ್ದು 1970ರ ದಶಕದ ಕೊನೆಗೆ. ಹೆರೋಲ್ಡ್ 1973ರಲ್ಲೇ ತೀರಿಕೊಂಡಿದ್ದರು.

ಬೆರಕೆಗೆಂದು ಬಂದ ವೈನನ್ನು ಬೆಳೆಗಾರರು ಬೆರೆಸದೆಯೇ ಕುಡಿದು ನೋಡಿದರು. ಈ ಕತೆಯ ಎರಡನೇ ಆವಿಷ್ಕಾರ ಅದೇ. ಕಪ್ಪು ಹಣ್ಣುಗಳ ಪರಿಮಳ, ಹದವಾದ ಹುಳಿ, ತುಂಬು ಮೈ: ಇದು ಒಂಟಿಯಾಗಿ ನಿಲ್ಲಬಲ್ಲದು ಎಂದು ಮನವರಿಕೆಯಾಯಿತು. ಕೆಲವರು ಓಕ್ ಪೀಪಾಯಿಗಳಲ್ಲಿಟ್ಟು ಪಕ್ವಗೊಳಿಸಿದರು. ಫಾಲ್ಟ್ಸ್, ರೈನ್‌ಹೆಸ್ಸೆನ್ ಸೀಮೆಗಳಲ್ಲಿ ಡೋರ್ನ್‌ಫೆಲ್ಡರ್ ತೋಟಗಳು ಹಬ್ಬಿದವು. 1980ರ ಸುಮಾರಿಗೆ ಜರ್ಮನಿಯ ದ್ರಾಕ್ಷಿತೋಟಗಳಲ್ಲಿ ಕೆಂಪು ತಳಿಗಳ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಹೊಸ ಶತಮಾನದ ಮೊದಲ ದಶಕದಲ್ಲಿ ಅದು ಮೂರನೇ ಒಂದನ್ನು ದಾಟಿತು. ಈ ಏರಿಕೆಯಲ್ಲಿ ಡೋರ್ನ್‌ಫೆಲ್ಡರ್ ಪಾತ್ರ ದೊಡ್ಡದು.

ಬಳ್ಳಿ ಧಾರಾಳಿ. ಬಿಟ್ಟಷ್ಟೂ ಹಣ್ಣು ಕೊಡುತ್ತದೆ, ಅತಿಯಾದರೆ ವೈನ್ ಸಪ್ಪೆಯಾಗುತ್ತದೆ. ಅಗ್ಗದ ಸಿಹಿ ವೈನಾಗಿ ರಾಶಿ ರಾಶಿ ಮಾರಾಟವಾದಾಗ ಅದರ ಹೆಸರಿಗೆ ಏಟು ಬಿದ್ದದ್ದೂ ಉಂಟು. ಅದೇ ಬಳ್ಳಿಯ ಅರ್ಧ ಗೊಂಚಲುಗಳನ್ನು ಕಾಯಾಗಿದ್ದಾಗಲೇ ಕತ್ತರಿಸುವ ಬೆಳೆಗಾರನಿಗೆ ಗಾಢವಾದ, ಗಂಭೀರವಾದ ವೈನ್ ಸಿಗುತ್ತದೆ. ಜರ್ಮನಿಯ ಕೆಂಪು ವೈನ್‌ಗಳಲ್ಲಿ ಇಂದು ಮೇಲಿನ ಗೌರವ ಷ್ಪೇಟ್‌ಬುರ್ಗುಂಡರ್ ಎಂಬ ತಳಿಗೆ ಸಲ್ಲುತ್ತದೆ, ಅದು ನ್ಯಾಯವೇ. ಆದರೆ ಆ ನೆಲದಲ್ಲಿ ಗಾಢವಾದ ಕೆಂಪು ವೈನ್ ಸಾಧ್ಯ ಎಂಬ ನಂಬಿಕೆಯನ್ನು ಸಾಮಾನ್ಯ ಬೆಳೆಗಾರರಿಗೂ ಕುಡಿಯುವವರಿಗೂ ಕೊಟ್ಟದ್ದು ಬಣ್ಣ ತುಂಬಲೆಂದು ಹುಟ್ಟಿದ ಈ ಬಳ್ಳಿ. ಹೆರೋಲ್ಡ್ ಅವರ ಇಪ್ಪತ್ತಾರು ವರ್ಷಗಳ ಪಟ್ಟು ಅವರೇ ಎಣಿಸದಷ್ಟು ಫಲ ಕೊಟ್ಟಿದೆ.