ಒಂಬತ್ತು ಸಾವಿರ ತುಣುಕುಗಳ ಹಡಗನ್ನು ಗೆಳೆಯರು ಕೂಡಿ ಕಟ್ಟುವುದು ಹೇಗೆ?

ಮೂವರು ಗೆಳೆಯರು ಕೈಜೋಡಿಸಿದರೆ ಕೆಲಸ ಮೂರು ಪಟ್ಟು ಬೇಗ ಮುಗಿಯಬೇಕೆಂಬುದು ಸಾಮಾನ್ಯ ಲೆಕ್ಕ. ಲೆಗೊ ಇಟ್ಟಿಗೆಗಳಿಂದ ದೊಡ್ಡ ಮಾದರಿಯೊಂದನ್ನು ಕಟ್ಟಲು ಕುಳಿತವರಿಗೆ ಈ ಲೆಕ್ಕ ಮೊದಲ ದಿನವೇ ತಪ್ಪುತ್ತದೆ. ಕೈಪಿಡಿಯ ಪ್ರತಿಯೊಂದು ಹಂತವೂ ಅದರ ಹಿಂದಿನ ಹಂತದ ಮೇಲೆ ನಿಂತಿರುತ್ತದೆ. ಹೀಗಾಗಿ ಒಬ್ಬರು ಜೋಡಿಸುತ್ತಿದ್ದರೆ ಉಳಿದಿಬ್ಬರು ಚಹಾ ಕುಡಿಯುತ್ತ ನೋಡಬೇಕಾಗುತ್ತದೆ.

ಡೆನ್ಮಾರ್ಕಿನ ಬಿಲ್ಲುಂಡ್ ಪಟ್ಟಣದ ಲೆಗೊ ಸಂಸ್ಥೆಯು ಈಗಿನ ಸ್ವರೂಪದ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದು 1958ರ ಜನವರಿ 28ರಂದು. ಒಂದು ಇಟ್ಟಿಗೆಯ ಮೇಲಿನ ಉಬ್ಬುಗಳನ್ನು ಮತ್ತೊಂದರ ಒಳಗಿನ ಕೊಳವೆಗಳು ಬಿಗಿಯಾಗಿ ಹಿಡಿದುಕೊಳ್ಳುವುದೇ ಇದರ ಗುಟ್ಟು. ಎಂಟು ಉಬ್ಬುಗಳಿರುವ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ವಿಧಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ತೊಡಕು ಇರುವುದೂ ಇಲ್ಲಿಯೇ. ಇಟ್ಟಿಗೆಯು ತಪ್ಪು ಜಾಗದಲ್ಲಿಯೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಎರಡು ಉಬ್ಬುಗಳ ನಡುವಿನ ಅಂತರ 8 ಮಿಲಿಮೀಟರ್. ಹನ್ನೆರಡನೆಯ ಹಂತದಲ್ಲಿ ಒಂದು ಉಬ್ಬಿನಷ್ಟು ಪಕ್ಕಕ್ಕೆ ಸರಿದ ತುಣುಕು ತನ್ನ ಇರವನ್ನು ತೋರುವುದು ಇನ್ನೂರನೆಯ ಹಂತದಲ್ಲಿ, ಮೇಲ್ಭಾಗ ಕೂಡದೇ ಹೋದಾಗ. ಆಗ ಗೆಳೆಯರ ನಡುವೆ ಏಳುವ ಮೊದಲ ಪ್ರಶ್ನೆ, ‘ಇದನ್ನು ಇಟ್ಟವರು ಯಾರು?’

ಆದ್ದರಿಂದ ಕೂಡಿ ಕಟ್ಟುವವರು ಮೊದಲು ನೋಡಬೇಕಾದುದು ಮಾದರಿ ಎಲ್ಲಿ ಭಾಗವಾಗುತ್ತದೆ ಎಂಬುದನ್ನು. 2021ರಲ್ಲಿ ಬಂದ ಟೈಟಾನಿಕ್ ಮಾದರಿಯಲ್ಲಿ 9,090 ತುಣುಕುಗಳಿವೆ. ಉದ್ದ 135 ಸೆಂಟಿಮೀಟರ್. ಅದರ ಒಡಲು ಮೂರು ಭಾಗಗಳಾಗಿ ಬೇರ್ಪಡುವುದರಿಂದ ಮೂವರು ಹಂಚಿಕೊಳ್ಳಲು ಹೇಳಿ ಮಾಡಿಸಿದಂತಿದೆ. 2008ರ ತಾಜ್ ಮಹಲ್ ಮಾದರಿಯಲ್ಲಿದ್ದುದು 5,922 ತುಣುಕುಗಳು. ಅದರ ನಾಲ್ಕು ಮಿನಾರುಗಳನ್ನು ನಾಲ್ವರು ಒಂದೇ ಸಮಯದಲ್ಲಿ ಕಟ್ಟಬಹುದು. ಒಬ್ಬರು ಒಂದು ಸುತ್ತು ಮರೆತರೂ ಪಕ್ಕದ ಮಿನಾರು ಅದನ್ನು ಬಯಲು ಮಾಡುತ್ತದೆ.

ಭಾಗವಾಗದ ಕಡೆ ಕೆಲಸವನ್ನೇ ಹಂಚಬೇಕು. ಒಬ್ಬರು ತುಣುಕುಗಳನ್ನು ಹುಡುಕಿ ಎಣಿಸಿಡುವುದು, ಇನ್ನೊಬ್ಬರು ಜೋಡಿಸುವುದು, ಮೂರನೆಯವರು ಚಿತ್ರದೊಡನೆ ಹೋಲಿಸಿ ನೋಡುವುದು. ಮೂರನೆಯದು ನೀರಸ ಕೆಲಸ, ಆದರೆ ಹಡಗನ್ನು ಉಳಿಸುವುದು ಅದೇ. ಗಂಟೆಗೊಮ್ಮೆ ಸ್ಥಾನ ಬದಲಿಸಿದರೆ ಯಾರಿಗೂ ಬೇಸರವಾಗದು. ಸಂಖ್ಯೆ ಮುದ್ರಿತವಾದ ಪೊಟ್ಟಣಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಬೇಕೇ ಹೊರತು ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು. ಕೈಪಿಡಿಯು ಸಂಸ್ಥೆಯ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ದೊರೆಯುವುದರಿಂದ ಪ್ರತಿಯೊಬ್ಬರೂ ತಮ್ಮ ಮೊಬೈಲ್‌ನಲ್ಲಿ ತಮ್ಮ ಪುಟವನ್ನು ತೆರೆದಿಟ್ಟುಕೊಳ್ಳಬಹುದು.

ಇದೇ ಉಪಾಯವನ್ನು ಬಹುದೊಡ್ಡ ಪ್ರಮಾಣದಲ್ಲಿ ಬಳಸಿದವರು ಬ್ರಿಟನ್ನಿನ ಟಿವಿ ನಿರೂಪಕ ಜೇಮ್ಸ್ ಮೇ. 2009ರಲ್ಲಿ ಸರ್ರೆಯ ದ್ರಾಕ್ಷಿ ತೋಟವೊಂದರಲ್ಲಿ ಸುಮಾರು 33 ಲಕ್ಷ ಇಟ್ಟಿಗೆಗಳಿಂದ ಎರಡಂತಸ್ತಿನ ಮನೆಯೊಂದು ಎದ್ದಿತು. ನೆರವಿಗೆ ಬಂದ ಸಾವಿರದಷ್ಟು ಸ್ವಯಂಸೇವಕರಿಗೆ ಗೋಡೆ ಕಟ್ಟುವ ಅನುಭವವಿರಲಿಲ್ಲ. ಅವರು ಚಿಕ್ಕ ಇಟ್ಟಿಗೆಗಳನ್ನು ಸೇರಿಸಿ ದೊಡ್ಡ ಇಟ್ಟಿಗೆಗಳನ್ನು ಮಾಡಿದರು. ಗೋಡೆ ಏರಿದ್ದು ಆ ದೊಡ್ಡ ಇಟ್ಟಿಗೆಗಳಿಂದ. ಶೌಚಾಲಯವೂ ಇದ್ದ ಆ ಮನೆಯಲ್ಲಿ ಮೇ ಒಂದು ರಾತ್ರಿ ಮಲಗಿದ್ದೂ ಉಂಟು. ಆದರೆ ಅದನ್ನು ಕೊಂಡೊಯ್ಯುವವರು ಸಿಗದೆ ಅದೇ ವರ್ಷ ಕೆಡವಬೇಕಾಯಿತು.

ಚಿಕ್ಕ ಪ್ರಮಾಣದಲ್ಲಿ ಗೆಳೆಯರ ಗುಂಪಿಗೂ ಇದೇ ಇಕ್ಕಟ್ಟು ಎದುರಾಗುತ್ತದೆ. ಹಣ ಮೂವರದು, ದುಡಿಮೆ ಮೂವರದು. ನಾಲ್ಕೂವರೆ ಅಡಿಯ ಹಡಗು ನಿಲ್ಲುವುದು ಯಾರ ಮನೆಯಲ್ಲಿ? ಪೆಟ್ಟಿಗೆ ತೆರೆಯುವ ಮುನ್ನವೇ ಇದನ್ನು ಮಾತಾಡಿಕೊಳ್ಳುವುದು ಲೇಸು. ಒಡಲು ಮೂರು ತುಂಡಾಗುವ ಕಾರಣ ಟೈಟಾನಿಕ್ಕನ್ನು ತಲೆಗೊಂದು ಭಾಗದಂತೆ ಹೊತ್ತು ಮನೆಯಿಂದ ಮನೆಗೆ ಸಾಗಿಸಬಹುದು. ವರ್ಷಕ್ಕೆ ನಾಲ್ಕು ತಿಂಗಳಂತೆ ಸರದಿ ಹಾಕಿಕೊಂಡರಾಯಿತು.