ಪಾಲಕ್ ಬಾಡಿಸುವ ಹದ, ಬಳಸುವ ಬಗೆ

ಪಾಲಕ್ ಎಲೆಯ ತೂಕದಲ್ಲಿ ಶೇ. 90ರಷ್ಟು ನೀರೇ ಇರುತ್ತದೆ. ಬಾಣಲೆಯ ಅಂಚು ಮೀರಿ ತುಂಬಿದ ಅರ್ಧ ಕಿಲೋ ಸೊಪ್ಪು ನಾಲ್ಕೈದು ನಿಮಿಷದಲ್ಲಿ ಒಂದು ಬಟ್ಟಲಿನಷ್ಟಕ್ಕೆ ಇಳಿಯುವುದು ಇದರಿಂದಲೇ. ಎಲೆ ಬಿಟ್ಟ ನೀರು ಬೇಗ ಆವಿಯಾದರೆ ಸೊಪ್ಪು ಹಸಿರಾಗಿ, ರುಚಿಯಾಗಿ ಉಳಿಯುತ್ತದೆ. ಆ ನೀರಿನಲ್ಲೇ ಬಹಳ ಹೊತ್ತು ಬೆಂದರೆ ಬಣ್ಣಗೆಟ್ಟು ಮುದ್ದೆಯಾಗುತ್ತದೆ. ನೀರಿನ ಈ ಲೆಕ್ಕ ತಿಳಿದರೆ ಒಮ್ಮೆ ಬಾಡಿಸಿದ ಪಾಲಕ್‌ನಿಂದ ಹತ್ತಾರು ಅಡುಗೆ ಮಾಡಬಹುದು.

ಆಯ್ಕೆ ಮತ್ತು ಸೋಸುವಿಕೆ

ಮಾರುಕಟ್ಟೆಯಲ್ಲಿ ಪಾಲಕ್ ಎಂದು ಸಿಗುವ ಸೊಪ್ಪು ಎರಡು ಗಿಡಗಳದ್ದು. ಒಂದು, ಪರ್ಷಿಯಾದ ಕಡೆಯಿಂದ ಜಗತ್ತಿಗೆ ಹರಡಿದ ಸ್ಪಿನೇಷಿಯಾ. ಇದು ಕ್ರಿ.ಶ. 647ರಲ್ಲಿ ನೇಪಾಳದಿಂದ ಚೀನಾಕ್ಕೆ ಕಾಣಿಕೆಯಾಗಿ ಹೋಯಿತು; ಅರಬ್ಬರ ಮೂಲಕ ಸ್ಪೇನ್ ತಲುಪಿತು. ಇನ್ನೊಂದು, ಬೀಟ್‌ರೂಟ್‌ನ ಹತ್ತಿರದ ನೆಂಟನಾದ ದೇಸಿ ಪಾಲಕ್. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೆಳೆಸಿದ ‘ಅರ್ಕಾ ಅನುಪಮ’ ತಳಿ ಈ ಗುಂಪಿನದು. ದೇಸಿ ಪಾಲಕ್‌ನ ಎಲೆ, ದಂಟು ಎರಡೂ ತುಸು ದಪ್ಪ. ಹಾಗಾಗಿ ಬೇಯಲು ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಬಾಡಿಸುವ ವಿಧಾನ ಎರಡಕ್ಕೂ ಒಂದೇ.

ಕಟ್ಟಿನೊಳಗಿನ ಎಲೆ ಹಳದಿಯಾಗಿರಬಾರದು, ಲೋಳೆಯಾಗಿರಬಾರದು. ಬೇರು, ಬಲಿತ ದಂಟು ತೆಗೆದು ಸೋಸಿದ ಮೇಲೆ ಅಗಲ ಪಾತ್ರೆಯಲ್ಲಿ ನೀರು ತುಂಬಿ ಎಲೆಗಳನ್ನು ಮುಳುಗಿಸಿ ಜಾಲಿಸಬೇಕು. ಮಣ್ಣು ತಳಕ್ಕೆ ಇಳಿಯುತ್ತದೆ. ನೀರು ಚೆಲ್ಲುವ ಬದಲು ಸೊಪ್ಪನ್ನೇ ಮೇಲೆತ್ತಿಕೊಂಡರೆ ಮಣ್ಣು ಮತ್ತೆ ಅಂಟುವುದಿಲ್ಲ. ತಳದಲ್ಲಿ ಮರಳು ಕಾಣದಷ್ಟು ಸಲ ಹೀಗೆ ತೊಳೆದು, ತೂತಿನ ಪಾತ್ರೆಯಲ್ಲಿ ಬಸಿಯಲು ಬಿಟ್ಟು, ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಸೋರಿಹೋಗುತ್ತವೆ.

ಬಾಡಿಸುವ ಕ್ರಮ

ಅರ್ಧ ಕಿಲೋ ಸೊಪ್ಪಿಗೆ ಎರಡು ಚಮಚ ಎಣ್ಣೆ, ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ ಸಾಕು. ಅಗಲವಾದ ಸ್ಟೀಲ್ ಬಾಣಲೆ ಒಳ್ಳೆಯದು. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪಿನ ಆಕ್ಸಾಲಿಕ್ ಆಮ್ಲ ಲೋಹದೊಡನೆ ಸೇರಿ ಬಣ್ಣವನ್ನೂ ರುಚಿಯನ್ನೂ ಕೆಡಿಸಬಹುದು. ಎಣ್ಣೆ ಕಾದಾಗ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ, ಘಮ ಬಂದ ಕೂಡಲೇ ಉರಿ ಜೋರು ಮಾಡಿ ಸೊಪ್ಪನ್ನು ಹಿಡಿಹಿಡಿಯಾಗಿ ಸೇರಿಸಬೇಕು. ಒಂದು ಹಿಡಿ ಬಾಡಿದ ಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ನೀರು ನಿಲ್ಲುತ್ತದೆ.

ಮುಚ್ಚಳ ಮುಚ್ಚಬಾರದು. ಎಲೆಯೊಳಗಿನ ಆಮ್ಲ ಬಿಸಿಗೆ ಹೊರಬಂದು ಪತ್ರಹರಿತ್ತಿನ ಮೆಗ್ನೀಸಿಯಮ್ ಅನ್ನು ಕಿತ್ತುಹಾಕುತ್ತದೆ. ಆಗ ಹಸಿರು ಮಾಸಿ ಕಂದಾಗುತ್ತದೆ. ಬಾಣಲೆ ತೆರೆದಿದ್ದರೆ ಆಮ್ಲದ ಒಂದಂಶ ಆವಿಯೊಡನೆ ಹೋಗುತ್ತದೆ, ಅಡುಗೆಯೂ ಬೇಗ ಮುಗಿಯುತ್ತದೆ. ನಿಂಬೆರಸ ಅಥವಾ ಹುಣಸೆಹುಳಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಬೇಕೆನ್ನುವುದಕ್ಕೂ ಇದೇ ಕಾರಣ. ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ, ಆದರೆ ಎಲೆ ತೀರಾ ಮೆತ್ತಗಾಗಿ ಕೆಲವು ಜೀವಸತ್ವಗಳು ನಾಶವಾಗುತ್ತವೆ. ಉಪ್ಪನ್ನು ಸೊಪ್ಪು ಇಳಿದ ಮೇಲೆಯೇ ಹಾಕಬೇಕು. ಹಸಿ ಸೊಪ್ಪಿನ ರಾಶಿ ನೋಡಿ ಹಾಕಿದರೆ ಉಪ್ಪು ಮೀರುವುದು ಖಂಡಿತ.

ಅಡುಗೆಗಳಲ್ಲಿ

ಹೀಗೆ ಬಾಡಿಸಿದ ಸೊಪ್ಪಿಗೆ ನೆನೆಸಿ ಬೇಯಿಸಿದ ಹೆಸರುಬೇಳೆ, ಹಸಿ ತೆಂಗಿನತುರಿ ಸೇರಿಸಿದರೆ ಪಲ್ಯವಾಯಿತು; ಅನ್ನ, ಚಪಾತಿ, ಜೋಳದ ರೊಟ್ಟಿ ಎಲ್ಲಕ್ಕೂ ಹೊಂದುತ್ತದೆ. ಮಲೆನಾಡು, ಕರಾವಳಿಯ ತಂಬುಳಿಗೆ ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಡನೆ ಬಾಡಿಸಿ, ಆರಿದ ಮೇಲೆ ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ. ತಂಬುಳಿಯನ್ನು ಕುದಿಸುವುದಿಲ್ಲ. ಹಳೇ ಮೈಸೂರು ಸೀಮೆಯ ಬಸ್ಸಾರಿನಲ್ಲಿ ಒಂದೇ ಬೇಯಿಕೆಯಿಂದ ಎರಡು ಅಡುಗೆ: ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಮಸಾಲೆ ಸೇರಿ ಸಾರಾಗುತ್ತದೆ, ಉಳಿದ ಕಾಳು-ಸೊಪ್ಪು ಒಗ್ಗರಣೆಯಲ್ಲಿ ಬಾಡಿ ಪಲ್ಯವಾಗುತ್ತದೆ. ಜೊತೆಗೆ ರಾಗಿ ಮುದ್ದೆ ಇರಬೇಕು.

ಹಿಟ್ಟಿಗೆ ಸೇರಿಸುವಾಗ ತೇವ ಪೂರ್ತಿ ಆರಿರಬೇಕು. ಚಪಾತಿ, ಅಕ್ಕಿರೊಟ್ಟಿಗೆ ಬಾಡಿಸಿದ ಸೊಪ್ಪನ್ನು ಹಿಂಡಿ ಕಲಸಿದರೆ ಹಿಟ್ಟು ಸಡಿಲವಾಗುವುದಿಲ್ಲ; ಹಿಂಡಿದ ರಸವನ್ನು ಹಿಟ್ಟು ಕಲಸಲು ನೀರಿನ ಬದಲು ಬಳಸಬಹುದು. ಆಮ್ಲೆಟ್‌ಗೂ ಇದೇ ನಿಯಮ. ಪಾಲಕ್ ಪನೀರ್‌ಗೆ ಬಾಡಿಸಿದ ಸೊಪ್ಪನ್ನು ತಣಿಸಿ ರುಬ್ಬಿ, ಈರುಳ್ಳಿ, ಶುಂಠಿಯ ಮಸಾಲೆಗೆ ಕೊನೆಯಲ್ಲಿ ಸೇರಿಸಿದರೆ ಬಣ್ಣ ಉಳಿಯುತ್ತದೆ. ಹೊರದೇಶಗಳಲ್ಲೂ ಪಾಲಕ್ ಅಡುಗೆಗೆ ಹಳೆಯ ಬೇರುಗಳಿವೆ. ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಪಾಲಕ್‌ಗೆ ಒಣದ್ರಾಕ್ಷಿ, ಪೈನ್ ಬೀಜ ಸೇರಿಸಿ ಬಾಡಿಸುತ್ತಾರೆ. ಗ್ರೀಸ್‌ನಲ್ಲಿ ಫೆಟಾ ಚೀಸ್‌ನೊಡನೆ ತೆಳು ಹಿಟ್ಟಿನ ಪದರಗಳ ನಡುವೆ ತುಂಬಿ ಬೇಯಿಸಿದ್ದು ಸ್ಪಾನಕೋಪಿಟಾ.

ಪೋಷಣೆ ಮತ್ತು ಎಚ್ಚರ

100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 3 ಮಿಲಿಗ್ರಾಂ ಕಬ್ಬಿಣ, 100 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಎರಡೂ ಪೂರ್ತಿಯಾಗಿ ದೇಹಕ್ಕೆ ದಕ್ಕುವುದಿಲ್ಲ. ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಪಾಲಕ್‌ನಿಂದ ಹೀರಿಕೆಯಾಗುವುದು ಅದರ ಸುಮಾರು ಶೇ. 5 ಮಾತ್ರ, ಹಾಲಿನಲ್ಲಿ ಈ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು. ಕಬ್ಬಿಣ ಹೀರಿಕೊಳ್ಳಲು ನಿಂಬೆಯ ‘ಸಿ’ ಜೀವಸತ್ವ ನೆರವಾಗುತ್ತದೆ. ‘ಎ’ ಜೀವಸತ್ವದ ಮೂಲವಾದ ಬೀಟಾ ಕ್ಯಾರೊಟಿನ್ ದೇಹಕ್ಕೆ ಸೇರಲು ಜಿಡ್ಡು ಬೇಕು. ಬಾಡಿಸುವಾಗಿನ ಎಣ್ಣೆಯೇ ಆ ಕೆಲಸ ಮಾಡುತ್ತದೆ.

ಉಳಿದ ಪಲ್ಯವನ್ನು ಬೇಗ ತಣಿಸಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ಬಳಸಬಹುದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆಗುವವರು ಪಾಲಕ್ ಮಿತವಾಗಿ ತಿನ್ನಬೇಕು; ಬೇಯಿಸಿ ನೀರು ಚೆಲ್ಲಿದರೆ ಕರಗುವ ಆಕ್ಸಲೇಟ್‌ನ ಒಂದಂಶ ಹೋಗುತ್ತದೆ, ಬರೀ ಬಾಡಿಸಿದರೆ ಹೋಗುವುದಿಲ್ಲ. ಇದರಲ್ಲಿ ‘ಕೆ’ ಜೀವಸತ್ವ ಹೇರಳವಾಗಿರುವುದರಿಂದ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಿನ್ನುವ ಪ್ರಮಾಣವನ್ನು ಒಮ್ಮೆಲೇ ಹೆಚ್ಚು ಕಡಿಮೆ ಮಾಡದೆ ವೈದ್ಯರನ್ನು ಕೇಳುವುದು ಅಗತ್ಯ.