ಟ್ಯಾರೋ ಕಲಿಯುವವರಿಗೆ ಮೈಲಾರದ ಪಾಠ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಜನರಿಗೆ ಚಿತ್ರ ತೋರಿಸಿ ಭವಿಷ್ಯ ಹೇಳುವುದು ಹೊಸ ಸಂಗತಿಯೇನಲ್ಲ. ಸಂತೆಯ ಅಂಚಿನಲ್ಲಿ ಪಂಜರ ಇಟ್ಟುಕೊಂಡು ಕೂರುತ್ತಿದ್ದ ಗಿಣಿಶಾಸ್ತ್ರದವರು, ಹಾಲಕ್ಕಿಯ ಶಕುನ ಕೇಳಿ ಬಂದೆವೆಂದು ನಸುಕಿನಲ್ಲೇ ಬಾಗಿಲಿಗೆ ಬರುತ್ತಿದ್ದ ಬುಡಬುಡಕಿಯವರು, ಅಂಗೈ ಹಿಡಿದು ಕಣಿ ಹೇಳುತ್ತಿದ್ದ ಕೊರವಂಜಿಯರು ಉತ್ತರ ಕರ್ನಾಟಕದ ಹಿರಿಯರ ನೆನಪಿನಲ್ಲಿ ಈಗಲೂ ಇದ್ದಾರೆ. ಗಿಣಿಯನ್ನು ಪಂಜರದಲ್ಲಿ ಇಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹೀಗಾಗಿ ಗಿಣಿಶಾಸ್ತ್ರ ಹಿಂದೆ ಸರಿಯಿತು. ಎಲೆ ತೆಗೆದು ಅರ್ಥ ಹೇಳಿಸಿಕೊಳ್ಳುವ ಆಸೆ ಮಾತ್ರ ಹಾಗೆಯೇ ಉಳಿದಿದೆ. ಟ್ಯಾರೋ ಎಂಬ ಪಾಶ್ಚಾತ್ಯ ಎಲೆಗಳ ಕಟ್ಟು ಇಂದು ಮನೆಗೇ ತರಿಸಿಕೊಳ್ಳುವಷ್ಟು ಸುಲಭವಾಗಿ ದೊರೆಯುತ್ತದೆ. ಅದನ್ನು ಓದುವುದನ್ನು ಕಲಿಯಬಯಸುವವರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಒಳಿತು.

ಟ್ಯಾರೋ ಹುಟ್ಟಿದ್ದು ಭವಿಷ್ಯ ಹೇಳುವುದಕ್ಕಲ್ಲ, ಆಟವಾಡುವುದಕ್ಕೆ. 15ನೇ ಶತಮಾನದ ಇಟಲಿಯ ಅರಮನೆಗಳಲ್ಲಿ ಇದು ಇಸ್ಪೀಟಿನಂತಹ ಒಂದು ಆಟವಾಗಿತ್ತು. ಇದು ಈಜಿಪ್ಟಿನ ಪ್ರಾಚೀನ ಜ್ಞಾನವೆಂದು 1781ರಲ್ಲಿ ಪ್ಯಾರಿಸ್ಸಿನಲ್ಲಿ ಕೂರ್ ದ ಜೆಬೆಲಿನ್ ಎಂಬ ವಿದ್ವಾಂಸ ಬರೆದ. ಅದಕ್ಕೆ ಆಧಾರವಿರಲಿಲ್ಲ, ಆದರೆ ಕಥೆ ಮಾತ್ರ ಹಬ್ಬಿತು; ಕೆಲವೇ ವರ್ಷಗಳಲ್ಲಿ ಎಟೇಯಾ ಎಂಬಾತ ಟ್ಯಾರೋ ಭವಿಷ್ಯವನ್ನೇ ವೃತ್ತಿಯಾಗಿಸಿಕೊಂಡ. ನಮ್ಮಲ್ಲಿಯೂ ಗಂಜೀಫಾ ಎಂಬ ದುಂಡನೆಯ ಚಿತ್ರದೆಲೆಗಳಿದ್ದವು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ದೊಡ್ಡ ಪೋಷಕರಾಗಿದ್ದರು. ದೇವರ ಚಿತ್ರವಿದ್ದ ನಮ್ಮ ಎಲೆಗಳು ಆಟವಾಗಿಯೇ ಉಳಿದು, ರಾಜ-ರಾಣಿಯರ ಚಿತ್ರವಿದ್ದ ಅವರ ಎಲೆಗಳು ಶಾಸ್ತ್ರವಾದದ್ದು ಇತಿಹಾಸದ ಒಂದು ತಮಾಷೆ ಎನ್ನಬೇಕು.

ಕಟ್ಟಿನಲ್ಲಿ ಒಟ್ಟು 78 ಎಲೆಗಳು. 22 ದೊಡ್ಡ ಎಲೆಗಳಲ್ಲಿ ಸೂರ್ಯ, ಚಂದ್ರ, ಸಾವು, ಅದೃಷ್ಟದ ಚಕ್ರ ಮೊದಲಾದ ಚಿತ್ರಗಳಿರುತ್ತವೆ. ಉಳಿದ 56 ಎಲೆಗಳು ಬಟ್ಟಲು, ಖಡ್ಗ, ನಾಣ್ಯ, ಕೋಲು ಎಂಬ ನಾಲ್ಕು ಗುಂಪುಗಳಲ್ಲಿ ತಲಾ 14ರಂತೆ ಇರುತ್ತವೆ. ಹೊಸಬರು 1909ರಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಪ್ರಕಟಿಸಿದ ಮಾದರಿಯಿಂದ ಆರಂಭಿಸುವುದು ವಾಡಿಕೆ. ಎ. ಇ. ವೇಟ್ ಯೋಜಿಸಿದ ಆ ಕಟ್ಟಿಗೆ ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಬಹುಕಾಲ ಕಟ್ಟಿನ ಹೆಸರಿನಲ್ಲಿ ಪ್ರಕಾಶಕರೂ ವೇಟರೂ ಇದ್ದರೇ ಹೊರತು ಆಕೆ ಇರಲಿಲ್ಲ. ಆದರೆ ಈ ಕಟ್ಟು ಕಲಿಯಲು ಸುಲಭವಾಗಿರುವುದು ಆಕೆಯ ಕುಂಚದಿಂದಲೇ. ಹಳೆಯ ಕಟ್ಟುಗಳ ಸಣ್ಣ ಎಲೆಗಳಲ್ಲಿ ಸಾಮಾನ್ಯವಾಗಿ ಐದು ಬಟ್ಟಲು, ಏಳು ನಾಣ್ಯ ಎಂದು ಗುರುತು ಮಾತ್ರ ಇರುತ್ತಿತ್ತು. ಆಕೆ ಪ್ರತಿಯೊಂದಕ್ಕೂ ಒಂದು ದೃಶ್ಯ ಕೊಟ್ಟರು.

ಆದ್ದರಿಂದ 78 ಅರ್ಥಗಳನ್ನು ಬಾಯಿಪಾಠ ಮಾಡುವುದಕ್ಕಿಂತ ದಿನಕ್ಕೊಂದು ಎಲೆ ತೆಗೆದು ಸುಮ್ಮನೆ ನೋಡುವುದೇ ಒಳ್ಳೆಯ ಆರಂಭ. ನಾಣ್ಯದ ಏಳನೆಯ ಎಲೆಯಲ್ಲಿ ಒಬ್ಬ ತರುಣ ಗುದ್ದಲಿಯಂತಹ ಕೋಲಿಗೆ ಗದ್ದವೂರಿ, ತಾನು ಬೆಳೆಸಿದ ಗಿಡವನ್ನು ನೋಡುತ್ತ ನಿಂತಿದ್ದಾನೆ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ತಾಳ್ಮೆ ಎಂದು ಅರ್ಥ ಹೇಳುತ್ತವೆ. ಉಳ್ಳಾಗಡ್ಡಿ ಕಿತ್ತು ಗದಗ ಮಾರುಕಟ್ಟೆಯ ದರಕ್ಕೆ ಕಾದಿರುವ ರೈತನಿಗೆ ಆ ಚಿತ್ರ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ. ಎಂಟನೆಯ ಎಲೆಯಲ್ಲಿ ಕುಳಿತಲ್ಲಿಯೇ ಒಂದೇ ನಾಣ್ಯವನ್ನು ಮತ್ತೆ ಮತ್ತೆ ಕೆತ್ತುವ ಕುಶಲಕರ್ಮಿಯಿದ್ದಾನೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದವರಿಗೆ ಆತನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಟ್ಟಲಿನ ಐದನೆಯ ಎಲೆಯಲ್ಲಿ ಕಪ್ಪು ನಿಲುವಂಗಿ ಹೊದ್ದು ತಲೆ ತಗ್ಗಿಸಿದ ವ್ಯಕ್ತಿ. ಮುಂದೆ ಮೂರು ಬಟ್ಟಲು ಚೆಲ್ಲಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ, ದೂರದಲ್ಲಿ ಹೊಳೆ, ಹೊಳೆಗೊಂದು ಸೇತುವೆ. ತುಂಗಭದ್ರೆಯ ದಂಡೆಯವರು ಆ ನಿಲುವಂಗಿಯಲ್ಲಿ ಕರಿಕಂಬಳಿ ಕಂಡರೆ ತಪ್ಪೇನೂ ಇಲ್ಲ. ಸಾವಿನ ಎಲೆ ಬಂದರೆ ಬೆದರುವವರು ಬಹಳ. ಬಿಳಿ ಕುದುರೆಯ ಮೇಲೆ ಅಸ್ಥಿಪಂಜರವಿರುವುದು ನಿಜ, ಆದರೆ ಹಿಂದೆ ಎರಡು ಗೋಪುರಗಳ ನಡುವೆ ಸೂರ್ಯನೂ ಇದ್ದಾನೆ. ಹಳತು ಮುಗಿಯಿತು ಎಂಬುದೇ ಅದಕ್ಕೆ ರೂಢಿಯಲ್ಲಿರುವ ಅರ್ಥ.

ಎಲೆಗಳ ಪರಿಚಯವಾದ ಮೇಲೆ ಹಾಸು. ಹಿಂದೆ ಆದದ್ದು, ಈಗ ಇರುವುದು, ಮುಂದಿನ ದಾರಿ ಎಂದು ಮೂರು ಎಲೆಗಳನ್ನು ಸಾಲಾಗಿ ಇಡುವುದು ಎಲ್ಲಕ್ಕಿಂತ ಸರಳ. ವೇಟ್ ವಿವರಿಸಿದ ಹತ್ತು ಎಲೆಗಳ ಹಾಸು ಆಮೇಲಿನ ಮಾತು. ಇಟ್ಟ ಜಾಗದಿಂದ ಅರ್ಥ ಬದಲಾಗುವ ಈ ತತ್ತ್ವವನ್ನು ಧಾರವಾಡ ಸೀಮೆಯ ಹನುಮನಕೊಪ್ಪದ ಬೊಂಬೆ ಭವಿಷ್ಯದಲ್ಲಿಯೂ ಕಾಣಬಹುದು. ಯುಗಾದಿಯ ಸಮಯದಲ್ಲಿ ಅಲ್ಲಿ ತುಪ್ಪರಿ ಹಳ್ಳದ ದಂಡೆಯ ಮೇಲೆ ಬೊಂಬೆಗಳನ್ನೂ ಧಾನ್ಯಗಳನ್ನೂ ದಿಕ್ಕು ನೋಡಿ ಇಟ್ಟು ಬರುತ್ತಾರೆ. ಮರುದಿನ ಬೆಳಿಗ್ಗೆ ಯಾವುದಕ್ಕೆ ಧಕ್ಕೆಯಾಗಿದೆ ಎಂದು ನೋಡಿ ಮಳೆ, ಬೆಳೆ, ರಾಜಕೀಯದ ಫಲ ಹೇಳುತ್ತಾರೆ.

ಆದರೆ ಟ್ಯಾರೋ ಕಲಿಯುವವರು ನಿಜವಾಗಿ ಗಮನಿಸಬೇಕಾದದ್ದು ಮೈಲಾರವನ್ನು. ಮುಂಡರಗಿ ತಾಲ್ಲೂಕಿನಿಂದ ಹೊಳೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು. 2021ರಿಂದ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯ ಬಯಲಿನಲ್ಲಿ ಸೇರಿದ ಲಕ್ಷಾಂತರ ಜನರ ನಡುವೆ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಬಯಲೆಲ್ಲ ನಿಶ್ಶಬ್ದವಾಗುತ್ತದೆ. ಕೆಲವೇ ಶಬ್ದಗಳ ಒಂದು ನುಡಿ ಆಡಿ ಆತ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ. ಕಾರಣಿಕ ಅಲ್ಲಿಗೆ ಮುಗಿಯಿತು. ಆದರೆ ಅರ್ಥ ಹಚ್ಚುವ ಕೆಲಸ ಆಗ ಆರಂಭವಾಗುತ್ತದೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ದರ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ನುಡಿ ಒಂದೇ, ಕೇಳಿದವರ ಚಿಂತೆ ಬೇರೆ ಬೇರೆ. ಟ್ಯಾರೋ ಎಲೆಯ ಕೆಲಸವೂ ಇಷ್ಟೇ. ಎಲೆ ಅರ್ಧ ಹೇಳುತ್ತದೆ, ಉಳಿದರ್ಧವನ್ನು ಎದುರು ಕುಳಿತವರ ಮನಸ್ಸು ತುಂಬಿಕೊಳ್ಳುತ್ತದೆ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ, ನಿಮ್ಮ ನಿಮ್ಮ ಸ್ವಭಾವದ ವಿವರಣೆ ಇದು ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಬಹುಪಾಲು ಒಂದು ಅಗ್ಗದ ಜ್ಯೋತಿಷ್ಯ ಪುಸ್ತಕದಿಂದ ಎತ್ತಿಕೊಂಡದ್ದು. ‘ನನಗೇ ಹೇಳಿದಂತಿದೆ’ ಎಂದು ಕೇಳಿದವರು ಬೆರಗಾದರೆ ಹೊಸ ಓದುಗ ಅದನ್ನು ತನ್ನ ಶಕ್ತಿಯೆಂದು ತಿಳಿಯಬಾರದು.

ಹಾಗೆ ತಿಳಿದಲ್ಲಿಯೇ ಅಪಾಯ. ಎಲೆಯ ಮುಂದೆ ಬಂದು ಕೂರುವವರಲ್ಲಿ ಹಲವರು ಸಾಲ, ಮಗಳ ಮದುವೆ, ಬತ್ತಿದ ಕೊಳವೆಬಾವಿ, ವಾಸಿಯಾಗದ ಕಾಯಿಲೆಯ ಭಾರ ಹೊತ್ತವರು. ಇನ್ನೊಂದು ಕೊಳವೆಬಾವಿ ಕೊರೆಸಲೇ ಎಂದು ಕೇಳುವ ರೈತನಿಗೆ ಎಲೆ ನೋಡಿ ಹೂಂ ಎನ್ನುವುದು ಆತನನ್ನು ಮತ್ತೊಂದು ಸಾಲಕ್ಕೆ ನೂಕಿದಂತೆ. ಮದುವೆ ಯಾವಾಗ ಎಂಬ ಪ್ರಶ್ನೆಗೆ ತಿಂಗಳು ಹೇಳುವ ಬದಲು, ಈ ಸಂಬಂಧದಲ್ಲಿ ಮನಸ್ಸಿಗೆ ಒಪ್ಪದಿರುವುದು ಏನು ಎಂದು ಮರಳಿ ಕೇಳಿದರೆ ಚಿತ್ರದಿಂದ ಒಂದಿಷ್ಟು ಮಾತಾದರೂ ಹೊರಡುತ್ತದೆ. ಎಲೆಗೆ ಇರುವ ನಿಜವಾದ ಉಪಯೋಗ ಅದೊಂದೇ ಎಂದರೂ ಸಲ್ಲುತ್ತದೆ. ಕಾಯಿಲೆಯ ಪ್ರಶ್ನೆಯನ್ನು ಮುಟ್ಟಲೇಬಾರದು. ಮಂತ್ರ-ತಾಯಿತಗಳಿಂದ ರೋಗ ವಾಸಿಮಾಡುತ್ತೇವೆ ಎಂಬ ಜಾಹೀರಾತುಗಳನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಹಾವು, ನಾಯಿ, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಂತೆ ಅಪರಾಧ. ದೋಷವಿದೆ, ಶಾಂತಿ ಮಾಡಿಸಬೇಕು, ಇಷ್ಟು ಖರ್ಚಾಗುತ್ತದೆ ಎಂಬ ಮಾತು ಯಾರ ಬಾಯಿಂದ ಬಂದರೂ ಅಲ್ಲಿಂದ ಎದ್ದು ಬರುವುದೇ ಲೇಸು.

ಕಲಿಯುವವರಿಗೆ ಬೇಕಾದ ಇನ್ನೊಂದು ವಸ್ತು ನೂರು ಪುಟದ ಒಂದು ನೋಟ್‌ಬುಕ್. ತೆಗೆದ ಎಲೆ, ಕೇಳಿದ ಪ್ರಶ್ನೆ, ಹೇಳಿದ ಅರ್ಥ ಮೂರನ್ನೂ ಅಂದೇ ತಾರೀಖು ಸಮೇತ ಬರೆದಿಟ್ಟು, ಮೂರು ತಿಂಗಳ ನಂತರ ತೆರೆದು ನೋಡಬೇಕು. ಕೂಡಿದ್ದೆಷ್ಟು, ಕೂಡದ್ದೆಷ್ಟು, ಎರಡಕ್ಕೂ ಹೊಂದುವಂತೆ ಜಾಣತನದಿಂದ ಬರೆದದ್ದೆಷ್ಟು ಎಂದು ಮೂರು ಸಾಲು ಎಳೆದು ಎಣಿಸಬಹುದು. ಆ ಮೂರನೆಯ ಸಾಲೇ ಸಾಮಾನ್ಯವಾಗಿ ಉದ್ದವಾಗಿರುತ್ತದೆ.